ತರಗತಿಯಲ್ಲಿ ಧ್ವನಿಮುದ್ರಣ, ಪಾಡ್‌ಕಾಸ್ಟ್: ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮಕ್ಕಳ ಜೊತೆ ಸೇರಿ ಧ್ವನಿಮುದ್ರಣ ಮಾಡುತ್ತೇನೆಂಬುದು ಗೊತ್ತಾದ ಮೇಲೆ ತರಬೇತಿಗಳಲ್ಲಿ, ಮೌಲ್ಯಮಾಪನ ಕೇಂದ್ರದ ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ ಕೂಡ ಸಹೋದ್ಯೋಗಿಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಹೇಳಿ ಹೇಳಿ ಬಾಯಿ ನೋವು ಬಂದಿದ್ದರಿಂದ ಬರೆದಿಟ್ಟಿದ್ದೇನೆ. ಧ್ವನಿಯ ಪರವಾಗಿ ವಾದಿಸುವವಳು ಬರಹಕ್ಕೆ ಶರಣಾದದ್ದು ತಮಾಷೆಯೇ ಸರಿ.

ಮಗು ಓದಿದ ಪದ್ಯವನ್ನು ರೆಕಾರ್ಡ್ ಮಾಡಿ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಅದು ಪಾಡ್‌ಕಾಸ್ಟ್ ಆಯಿತೇ?

ಧ್ವನಿಮುದ್ರಣ ಆಯಿತು, ಪಾಡ್‌ಕಾಸ್ಟ್ ಆಗಲಿಲ್ಲ. ಪಾಡ್‌ಕಾಸ್ಟ್ ಕಂತು ಕಂತಾಗಿ ಬರುತ್ತದೆ. ಕೇಳುಗರು ಒಮ್ಮೆ ಚಂದಾದಾರರಾದರೆ ಮುಂದಿನ ಕಂತು ತಾನಾಗಿ ಅವರ ಆ್ಯಪ್‌ಗೆ ಬಂದು ಕೂರುತ್ತದೆ. ಈ ಕೆಲಸವನ್ನು ಹಿಂದೆ ನಿಂತು ಮಾಡುವುದು ಆರ್‌ಎಸ್‌ಎಸ್ ಫೀಡ್ ಎಂಬ ಒಂದು ಪುಟ್ಟ ಕಡತ. (ಆ ಮೂರಕ್ಷರ ಕೇಳಿ ನಮ್ಮ ಸ್ಟಾಫ್ ರೂಮಿನಲ್ಲಿ ಬೇರೆಯೇ ಚರ್ಚೆ ಶುರುವಾಗಿತ್ತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ.) ಐಪಾಡ್ ಮತ್ತು ಬ್ರಾಡ್‌ಕಾಸ್ಟ್ ಎರಡನ್ನೂ ಕೂಡಿಸಿ ಈ ಪದ ಹುಟ್ಟಿದ್ದು 2004ರಲ್ಲಿ, ಬ್ರಿಟನ್ನಿನ ಪತ್ರಕರ್ತ ಬೆನ್ ಹ್ಯಾಮರ್ಸ್ಲಿ ಅವರ ಒಂದು ಲೇಖನದಲ್ಲಿ. ಐಪಾಡ್ ತಯಾರಿಕೆ 2022ರಲ್ಲಿ ನಿಂತುಹೋಯಿತು, ಹೆಸರು ಮಾತ್ರ ಉಳಿದುಕೊಂಡಿದೆ.

ಮೊದಲ ವರ್ಷ ಪಾಡ್‌ಕಾಸ್ಟಿನ ಗೋಜಿಗೇ ಹೋಗಬೇಡಿ ಎಂಬುದು ನನ್ನ ಸಲಹೆ. ರೆಕಾರ್ಡ್ ಮಾಡಿ, ಮಕ್ಕಳೇ ಕೇಳಿಸಿಕೊಳ್ಳಲಿ, ಮತ್ತೆ ರೆಕಾರ್ಡ್ ಮಾಡಿ. ಲೋಕಕ್ಕೆ ಕೇಳಿಸುವ ಆತುರ ದೊಡ್ಡವರದು. ಮಕ್ಕಳಿಗೆ ತಮ್ಮ ದನಿ ತಮಗೇ ಕೇಳಿಸುವುದೇ ಸಾಕಷ್ಟು ದೊಡ್ಡ ಸುದ್ದಿ.

ಪಾಠವೇ ಮುಗಿಯುತ್ತಿಲ್ಲ. ಇದಕ್ಕೆಲ್ಲ ಸಮಯ ಎಲ್ಲಿದೆ?

ಪಾಠ ಬಿಟ್ಟು ಇದನ್ನು ಮಾಡಬೇಕೆಂದು ಯಾರು ಹೇಳಿದರು? ಗದ್ಯ ಪಾಠವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸುವುದು ಹೇಗೂ ಇದ್ದೇ ಇದೆ. ಒಬ್ಬಳು ಎದ್ದು ನಿಂತು ಓದುತ್ತಾಳೆ, ಉಳಿದವರು ಕಿಟಕಿ ನೋಡುತ್ತಾರೆ. ಅದೇ ಓದನ್ನು ಮುದ್ರಿಸಿ ಎರಡು ನಿಮಿಷ ಕೇಳಿಸಿದರೆ ಕಿಟಕಿ ನೋಡುವವರು ಇತ್ತ ತಿರುಗುತ್ತಾರೆ. ವಾರಕ್ಕೆ ಒಂದು ಪೀರಿಯಡ್ಡಿನ ಅರ್ಧ ಸಾಕು.

ಕೇಳಿ ಕಲಿಯುವುದು ನಮಗೆ ಹೊಸದೂ ಅಲ್ಲ. ಆಕಾಶವಾಣಿಯಿಂದ ಸರಕಾರಿ ಶಾಲೆಗಳಿಗೆ ಬರುತ್ತಿದ್ದ ‘ಕೇಳಿ ಕಲಿ’ ಪಾಠಗಳಿಗಾಗಿ ರೇಡಿಯೋದ ಸುತ್ತ ಮಕ್ಕಳನ್ನು ಕೂರಿಸಿದ ಶಿಕ್ಷಕರು ಇನ್ನೂ ಸೇವೆಯಲ್ಲಿದ್ದಾರೆ. ಆಗ ಪೆಟ್ಟಿಗೆ ಮಾತನಾಡುತ್ತಿತ್ತು, ಮಕ್ಕಳು ಕೇಳುತ್ತಿದ್ದರು. ಈಗ ಪೆಟ್ಟಿಗೆಯೊಳಗೆ ಮಕ್ಕಳೇ ಕೂರಬಹುದು.

‘ಪ್ರಸಾರ ಮಾಡುವುದು ಮೇಷ್ಟ್ರ ಕೆಲಸವಲ್ಲ’ ಎನ್ನುತ್ತಾರೆ ನಮ್ಮ ಮುಖ್ಯಶಿಕ್ಷಕರು. ಏನು ಹೇಳಲಿ?

1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರು ಮನಶ್ಶಾಸ್ತ್ರದ ಮೇಷ್ಟ್ರು ಎಂದು ಹೇಳಿ. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯಿಂದಲೇ ಹೊರಟಿದ್ದು. ಬೆಂಗಳೂರಿಗೆ ಆಕಾಶವಾಣಿ ಕೇಂದ್ರ ಬಂದದ್ದು ಅದಾದ ಎಷ್ಟೋ ಕಾಲಕ್ಕೆ, 1955ರಲ್ಲಿ.

ಏನೇನು ಸಾಮಾನು ಬೇಕು? ಎಷ್ಟು ಖರ್ಚಾಗುತ್ತದೆ?

ನಿಮ್ಮ ಜೇಬಿನಲ್ಲಿರುವ ಫೋನ್ ಸಾಕು. ಅದರ ಮೈಕ್ ಬಹುತೇಕ ಫೋನುಗಳಲ್ಲಿ ಕೆಳ ಅಂಚಿನಲ್ಲಿ, ಚಾರ್ಜರ್ ಸಿಕ್ಕಿಸುವ ಜಾಗದ ಪಕ್ಕದ ಸಣ್ಣ ತೂತಿನಲ್ಲಿರುತ್ತದೆ. ಅರ್ಧ ಜನ ಆ ತೂತನ್ನೇ ಅಂಗೈಯಿಂದ ಮುಚ್ಚಿ ಹಿಡಿದು, ‘ಧ್ವನಿ ಸರಿಯಾಗಿ ಬರಲಿಲ್ಲ’ ಎನ್ನುತ್ತಾರೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಕೈಯಲ್ಲಿ ಹಿಡಿಯುವ ಬದಲು ಮಡಿಸಿದ ಟವೆಲ್ಲಿನ ಮೇಲೆ ಇಡಿ, ಮೇಜಿನ ಗುದ್ದು ಕೇಳಿಸುವುದಿಲ್ಲ. ಬಾಯಿಗೂ ಮೈಕಿಗೂ ಒಂದು ಗೇಣು ದೂರವಿರಲಿ. ದೂರ ಎರಡು ಪಟ್ಟಾದರೆ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ (ಸದ್ದಿನ ಮಟ್ಟ ಅಳೆಯುವ ಮಾನ) ತಗ್ಗುತ್ತದೆ. ಕೋಣೆಯ ಗದ್ದಲ ಮಾತ್ರ ಇದ್ದಲ್ಲೇ ಇರುತ್ತದೆ. ಸಾವಿರಾರು ರೂಪಾಯಿಯ ಮೈಕನ್ನು ಮೂರು ಅಡಿ ದೂರ ಇಡುವುದಕ್ಕಿಂತ ಹಳೆಯ ಫೋನನ್ನು ಒಂದು ಗೇಣಿನಲ್ಲಿ ಇಡುವುದು ಮೇಲು.

ಕೊಳ್ಳಲೇಬೇಕೆಂದರೆ ಮೊದಲು ಒಂದು ಜೊತೆ ಕಿವಿ ಮುಚ್ಚುವ ಹೆಡ್‌ಫೋನ್ ಕೊಳ್ಳಿ, ಮೈಕ್ ಆಮೇಲೆ. ಹೆಡ್‌ಫೋನ್ ಹಾಕಿಕೊಂಡಾಗಲೇ ಫ್ಯಾನಿನ ಸದ್ದು ಎಷ್ಟು ಜೋರಾಗಿದೆಯೆಂದು ತಿಳಿಯುವುದು. ಕಾಲರ್ ಮೈಕ್ ಬೇಕಾದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಅಂಗಡಿಯಲ್ಲೇ ನಿಮ್ಮ ಫೋನಿಗೆ ಸಿಕ್ಕಿಸಿ, ರೆಕಾರ್ಡ್ ಮಾಡಿ, ಕೇಳಿ ನೋಡಿಯೇ ಹಣ ಕೊಡಿ. ದುಂಡು ಪಿನ್ನಿನಲ್ಲಿ ಎರಡು ಕಪ್ಪು ಗೆರೆಯವು, ಮೂರು ಗೆರೆಯವು ಎಂದು ಎರಡು ಬಗೆ. ಫೋನಿಗೆ ಒಗ್ಗುವುದು ಮೂರು ಗೆರೆಯದು. ನಾನು ಇದನ್ನು ಕಲಿತದ್ದು ಎರಡು ಮೈಕ್ ಕೊಂಡ ಮೇಲೆ.

ನಮ್ಮ ಕೋಣೆಯಲ್ಲಿ ರೆಕಾರ್ಡ್ ಮಾಡಿದರೆ ಬಾವಿಯೊಳಗಿಂದ ಮಾತನಾಡಿದಂತೆ ಕೇಳುತ್ತದೆ. ಏಕೆ?

ಸಿಮೆಂಟಿನ ಗೋಡೆ, ಗ್ರಾನೈಟ್ ನೆಲ, ಖಾಲಿ ಬೆಂಚು. ದನಿ ಎಲ್ಲಿಯೂ ಇಂಗದೆ ಅಲ್ಲಲ್ಲೇ ಪುಟಿಯುತ್ತದೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇದೇ ರಗಳೆ ಎದ್ದಿತ್ತು. ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರದಲ್ಲಿ ಪಾಠ ಅರ್ಥವೇ ಆಗುತ್ತಿರಲಿಲ್ಲ. ವ್ಯಾಲೇಸ್ ಸೇಬಿನ್ ಎಂಬ ಯುವ ಭೌತಶಾಸ್ತ್ರಜ್ಞ ಪಕ್ಕದ ರಂಗಮಂದಿರದ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಒಂದಿಷ್ಟು ಇಟ್ಟು ಅಳೆದು, ಇನ್ನೊಂದಿಷ್ಟು ಇಟ್ಟು ಅಳೆದು, ಮೆತ್ತೆ ಹೆಚ್ಚಿದಷ್ಟೂ ಅನುರಣನ (ಮಾತು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಗುಂಗು) ಹೇಗೆ ತಗ್ಗುತ್ತದೆಂದು ಲೆಕ್ಕ ಹಾಕಿದ. ಕಟ್ಟಡಗಳ ಧ್ವನಿವಿಜ್ಞಾನ ಶುರುವಾದದ್ದೇ ಆ ಮೆತ್ತೆಗಳಿಂದ.

ನಮಗೆ ಮೆತ್ತೆಯ ಬದಲು ಜಮಖಾನ, ಸ್ವೆಟರು, ಸ್ಕೂಲ್ ಬ್ಯಾಗು ಇವೆ. ಮೂಲೆಯಲ್ಲಿ ಜಮಖಾನ ಹಾಸಿ, ಓದುವವರ ಎದುರು ಮತ್ತು ಎರಡು ಬದಿಗೆ ಬ್ಯಾಗುಗಳನ್ನು ಗೋಡೆಯಂತೆ ಪೇರಿಸಿ. ಮಕ್ಕಳು ತುಂಬಿ ಕೂತ ಕೋಣೆಯೂ ಖಾಲಿ ಕೋಣೆಗಿಂತ ಚೆನ್ನ, ಸುಮ್ಮನೆ ಕೂರುತ್ತಾರಾದರೆ. ನಮ್ಮ ಶಾಲೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಸ್ಟುಡಿಯೋ ಎಂದರೆ ಕ್ರೀಡಾ ಸಾಮಗ್ರಿಯ ಕೋಣೆ. ಹಳೆಯ ಚಾಪೆಗಳ ರಾಶಿ ಇದೆ, ವಾಸನೆ ತಡೆದುಕೊಳ್ಳಬೇಕಷ್ಟೆ.

ಹೊರಗಿನ ಗದ್ದಲಕ್ಕೆ ಏನು ಮಾಡುವುದು? ಇದು ಬೆಂಗಳೂರು.

ಪೂರ್ತಿ ತಡೆಯಲು ಆಗದು. ಅದರ ವೇಳಾಪಟ್ಟಿ ತಿಳಿದುಕೊಳ್ಳಬಹುದು. ಒಂದು ದಿನ ಇಬ್ಬರು ಮಕ್ಕಳಿಗೆ ಗಡಿಯಾರ, ನೋಟ್‌ಬುಕ್ ಕೊಟ್ಟು ಕಿಟಕಿಯ ಬಳಿ ಕೂರಿಸಿ. ಕಸದ ಗಾಡಿಯ ಹಾಡು ಎಷ್ಟು ಹೊತ್ತಿಗೆ, ಎದುರಿನ ಕಟ್ಟಡದಲ್ಲಿ ಟೈಲ್ಸ್ ಕತ್ತರಿಸುವುದು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ತರಕಾರಿ ಗಾಡಿಯ ಧ್ವನಿವರ್ಧಕ ಯಾವಾಗ ಹಾಯುತ್ತದೆ ಎಂದು ಬರೆಯಲಿ. ನಮ್ಮಲ್ಲಿ ಹನ್ನೊಂದೂಕಾಲರಿಂದ ಹನ್ನೆರಡರವರೆಗೆ ಬೀದಿ ತೂಕಡಿಸುತ್ತದೆಂದು ಹೀಗೆಯೇ ಗೊತ್ತಾಯಿತು. ಫ್ಯಾನ್ ಆರಿಸಿ. ಯಾರೂ ಮಾತನಾಡದೆ ಮೂವತ್ತು ಸೆಕೆಂಡು ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳಿ. ಅದನ್ನು ಮಾದರಿಯಾಗಿ ತೋರಿಸಿದರೆ ಎಡಿಟಿಂಗ್ ತಂತ್ರಾಂಶವು ಒಂದೇ ಸಮನೆ ಗುಂಯ್‌ಗುಡುವ ಸದ್ದನ್ನು ತಗ್ಗಿಸುತ್ತದೆ. ಹಾರ್ನ್, ನಾಯಿ ಬೊಗಳುವುದು ಹೀಗೆಲ್ಲ ಹೋಗುವುದಿಲ್ಲ. ಆ ಸಾಲನ್ನು ಮತ್ತೆ ಓದಿಸುವುದೇ ದಾರಿ.

ತರಗತಿಯಲ್ಲಿ ಐವತ್ತು ಮಕ್ಕಳಿದ್ದಾರೆ. ಎಲ್ಲರಿಗೂ ಮೈಕ್ ಹೇಗೆ ಕೊಡಲಿ?

ಐದೈದು ಜನರ ತಂಡ ಮಾಡಿ. ಓದುವವರು ಇಬ್ಬರು, ಬರೆದವನೊಬ್ಬ, ಹೆಡ್‌ಫೋನ್ ಹಾಕಿ ಕೇಳುವವಳೊಬ್ಬಳು, ಸಮಯ ನೋಡಿ ಟಿಪ್ಪಣಿ ಬರೆಯುವವನೊಬ್ಬ. ಮುಂದಿನ ಸಲ ಜಾಗ ಬದಲಿಸಿ. ಒಂದು ತಂಡಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ.

ಬರೆದುಕೊಂಡು ಓದಬೇಕೇ, ಬಾಯಿಗೆ ಬಂದಂತೆ ಮಾತನಾಡಬೇಕೇ?

ಚಿಕ್ಕ ಮಕ್ಕಳು ಬಾಯಿಗೆ ಬಂದಂತೆ ಮಾತನಾಡಲಿ. ಪ್ರೌಢಶಾಲೆಯವರು ಬರೆದುಕೊಳ್ಳಲಿ. ಆದರೆ ಬರೆದದ್ದನ್ನು ಮೊದಲು ಗೆಳೆಯನಿಗೆ ಓದಿ ಹೇಳಬೇಕು. ‘ಸದರಿ ಕೆರೆಯು ಅತ್ಯಂತ ಪ್ರಾಚೀನವಾದುದಾಗಿದ್ದು’ ಎಂದು ಪ್ರಬಂಧದ ಪುಸ್ತಕದಿಂದ ಎತ್ತಿ ತಂದ ಹುಡುಗ ಅದನ್ನು ಗಟ್ಟಿಯಾಗಿ ಓದುವಾಗ ತಾನೇ ನಕ್ಕು, ‘ಈ ಕೆರೆ ತುಂಬಾ ಹಳೆಯದು’ ಎಂದು ತಿದ್ದಿಕೊಂಡ. ಕೆಂಪು ಶಾಯಿಯಲ್ಲಿ ನಾನು ಅದನ್ನೇ ತಿದ್ದಿದ್ದರೆ ಇನ್ನೊಂದು ವರ್ಷ ಹಾಗೆಯೇ ಬರೆಯುತ್ತಿದ್ದ. ಹಾಳೆ ಮಗುಚುವ ಸದ್ದು ಬರದಂತೆ ಒಂದೊಂದು ಹಾಳೆಯನ್ನೂ ಬಿಡಿಯಾಗಿ ಬೆಂಚಿನ ಮೇಲೆ ಹರಡಿಕೊಳ್ಳಲಿ.

ಉಚ್ಚಾರಣೆ ತಿದ್ದಲು ಧ್ವನಿಮುದ್ರಣ ಬಳಸಬಹುದೇ?

ಬಳಸಬಹುದು, ಎಚ್ಚರದಿಂದ. ಈ ಪ್ರಶ್ನೆಗೆ ಮಾತ್ರ ಸ್ವಲ್ಪ ಉದ್ದವಾಗಿ ಉತ್ತರಿಸುತ್ತೇನೆ.

ತಮ್ಮ ದನಿಯನ್ನು ಮೊದಲ ಸಲ ಕೇಳಿದ ಮಗು ‘ಇದು ನಾನಲ್ಲ’ ಎನ್ನುತ್ತದೆ. ಅದರಲ್ಲಿ ತಪ್ಪಿಲ್ಲ. ನಾವು ಮಾತನಾಡುವಾಗ ನಮ್ಮ ದನಿ ನಮಗೆ ಗಾಳಿಯಿಂದ ಬಂದಷ್ಟೇ ತಲೆಬುರುಡೆಯ ಮೂಳೆಗಳಿಂದಲೂ ಕೇಳಿಸುತ್ತದೆ. ಮೂಳೆಯ ದಾರಿಯಲ್ಲಿ ತಗ್ಗು ಸ್ವರಗಳು ಹೆಚ್ಚು ಬರುತ್ತವೆ. ರೆಕಾರ್ಡಿಂಗಿನಲ್ಲಿ ಆ ಪಾಲು ಇಲ್ಲದೆ ದನಿ ತೆಳ್ಳಗೆ ಕೇಳುತ್ತದೆ. ಇದನ್ನು ಮೊದಲೇ ಹೇಳಿಬಿಡಿ, ಅರ್ಧ ಸಂಕೋಚ ಹೋಗುತ್ತದೆ.

ಆರನೆಯ ತರಗತಿಯ ಒಬ್ಬ ಹುಡುಗ ‘ಹಾಲು’ ಎಂಬುದನ್ನು ‘ಆಲು’ ಎಂದೇ ಓದುತ್ತಿದ್ದ. ಎರಡು ವರ್ಷ ಅವನನ್ನು ಎಲ್ಲ ಶಿಕ್ಷಕರೂ ತಡೆದು ನಿಲ್ಲಿಸಿ ತಿದ್ದಿದ್ದರು. ಅದರ ಫಲವೇನೆಂದರೆ ಅವನು ಹೆದರಿ ಹೆದರಿ ಬೇಡದ ಕಡೆಯೂ ಹಕಾರ ಸೇರಿಸತೊಡಗಿದ. ‘ಅಜ್ಜಿ ಅಕ್ಕಿ ತೊಳೆದಳು’ ಎಂಬ ಸಾಲು ಅವನ ಬಾಯಲ್ಲಿ ‘ಹಜ್ಜಿ ಹಕ್ಕಿ ತೊಳೆದಳು’ ಆಯಿತು. ತರಗತಿ ಬಿದ್ದು ಬಿದ್ದು ನಕ್ಕಿತು. ಅವನು ಆ ವಾರವಿಡೀ ಎದ್ದು ನಿಲ್ಲಲಿಲ್ಲ. ಆಮೇಲೆ ಒಂದು ದಿನ ಊಟದ ಬಿಡುವಿನಲ್ಲಿ ಅವನೊಬ್ಬನನ್ನೇ ಕೂರಿಸಿ ಒಂದು ಪ್ಯಾರಾ ಓದಿಸಿ ಮುದ್ರಿಸಿದೆ. ಹೆಡ್‌ಫೋನ್ ಕೊಟ್ಟು, ‘ಏನಾದರೂ ಅನ್ನಿಸಿದರೆ ಹೇಳು’ ಎಂದೆ. ಎರಡನೆಯ ಸಲ ಕೇಳುವಾಗ ನಿಲ್ಲಿಸಿ, ‘ಮಿಸ್, ಇಲ್ಲಿ ಏನೋ ಬಿದ್ದುಹೋಗಿದೆ’ ಎಂದ. ಬಿದ್ದುಹೋದದ್ದು ಉಸಿರು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಆ’, ‘ಹಾ’ ಎರಡನ್ನೂ ಹೇಳಿ ಗಾಳಿ ತಾಗುವುದನ್ನು ನೋಡಿಕೊಂಡ. ನಾಲ್ಕನೆಯ ಮುದ್ರಣದಲ್ಲಿ ಹಾಲು ಹಾಲಾಗಿತ್ತು, ಅಕ್ಕಿ ಅಕ್ಕಿಯಾಗಿತ್ತು. ಆಮೇಲೆ ಮೈದಾನಕ್ಕೆ ಓಡಿಹೋಗಿ ಗೆಳೆಯರ ಜೊತೆ ಎಂದಿನಂತೆ ಹಕಾರವಿಲ್ಲದೆ ಹರಟಿದ. ನನಗೆ ಅದರಿಂದ ಬೇಸರವಾಗಲಿಲ್ಲ. ಅದು ಅವನ ಮನೆಯ ಮಾತು. ಅದಕ್ಕೆ ನಾನು ಕೈ ಹಾಕುವುದಿಲ್ಲ.

ನನ್ನ ನಿಯಮ ಇಷ್ಟೇ: ಪುಸ್ತಕ ಓದುವಾಗ ಪುಸ್ತಕದ ಕನ್ನಡ, ಮಾತನಾಡುವಾಗ ಮಗುವಿನ ಕನ್ನಡ. ತಪ್ಪನ್ನು ಮಗುವೇ ಕೇಳಿ ಹಿಡಿಯಬೇಕು. ತಪ್ಪಿರುವ ಮುದ್ರಣವನ್ನು ತರಗತಿಯ ಮುಂದೆ ಹಾಕಬಾರದು. ಒಂದು ಶಾಲೆಯಲ್ಲಿ ತಪ್ಪು ಉಚ್ಚಾರಣೆಗಳನ್ನೆಲ್ಲ ಸೇರಿಸಿ ವಾರ್ಷಿಕೋತ್ಸವದಲ್ಲಿ ‘ಹಾಸ್ಯ’ ಎಂದು ಕೇಳಿಸಿದ್ದನ್ನು ನಾನು ಸಭೆಯಲ್ಲಿ ಕೂತು ನೋಡಿದ್ದೇನೆ. ಪಕ್ಕದಲ್ಲಿದ್ದ ಒಬ್ಬ ತಾಯಿ ಎದ್ದು ಹೋದರು.

ಇನ್ನು ಪ, ಫ, ಬ, ಭ ಹೇಳುವಾಗ ಮೈಕಿಗೆ ಗಾಳಿ ಬಡಿದು ‘ಧಪ್’ ಎನ್ನುವುದು ಉಚ್ಚಾರಣೆಯ ದೋಷವಲ್ಲ. ಮೈಕನ್ನು ಬಾಯಿಯ ನೇರದಿಂದ ತುಸು ಪಕ್ಕಕ್ಕೆ ಸರಿಸಿ.

ಮನೆಯಲ್ಲಿ ಕನ್ನಡವಿಲ್ಲದ ಮಕ್ಕಳಿಗೆ ಇದು ಆಗುತ್ತದೆಯೇ?

ಅವರಿಗೇ ಹೆಚ್ಚು ಆಗುತ್ತದೆ. ರಾಜ್ಯದ ಕನ್ನಡ ಭಾಷಾ ಕಲಿಕಾ ಕಾಯ್ದೆ 2015ರದು. 2017-18ರಿಂದ ತರಗತಿವಾರು ಜಾರಿಗೆ ಬಂದು, ಬೇರೆ ಪಠ್ಯಕ್ರಮದ ಶಾಲೆಗಳೂ ಕನ್ನಡ ಕಲಿಸಬೇಕಾಯಿತು. ಆ ಮಕ್ಕಳಿಗೆ ಅಕ್ಷರ ಬರುತ್ತದೆ, ಕಿವಿ ಪಳಗಿರುವುದಿಲ್ಲ. ‘ಹಳ್ಳಿ’ಯ ಳಕಾರ, ‘ಹಲ್ಲಿ’ಯ ಲಕಾರ ಬೇರೆ ಎಂದು ಕಣ್ಣಿಗೆ ಗೊತ್ತು, ಕಿವಿಗೆ ಗೊತ್ತಿಲ್ಲ. ನಾನು ಹತ್ತು ಜೋಡಿ ಪದಗಳನ್ನು ಓದಿ ಎರಡು ನಿಮಿಷದ ಮುದ್ರಣ ಕೊಡುತ್ತೇನೆ. ಪ್ರತಿ ಪದದ ನಂತರ ಮೂರು ಸೆಕೆಂಡು ಮೌನ. ಮಗು ಆ ಮೌನದಲ್ಲಿ ಹೇಳಬೇಕು, ಆಮೇಲೆ ತನ್ನದನ್ನು ಮುದ್ರಿಸಿ ಕಳಿಸಬೇಕು. ಮನೆಪಾಠದಲ್ಲಿ ಇಡೀ ಮನೆ ಸೇರಿಕೊಂಡದ್ದೂ ಉಂಟು. ಒಬ್ಬ ಹುಡುಗಿ ಕಳಿಸಿದ ಮುದ್ರಣದ ಹಿಂದೆ ಅವಳ ತಂದೆ ‘ಹಳ್ಳಿ, ಹಳ್ಳಿ’ ಎಂದು ಅಭ್ಯಾಸ ಮಾಡುತ್ತಿರುವುದು ಸ್ಪಷ್ಟವಾಗಿ ಕೇಳುತ್ತಿತ್ತು.

ಸಂದರ್ಶನ ಮಾಡಿಸಬೇಕೆಂದಿದ್ದೇನೆ. ಎಲ್ಲಿಂದ ಶುರುಮಾಡಲಿ?

ಮನೆಯ ಹಿರಿಯರಿಂದ. ವಿಷಯ ಚಿಕ್ಕದಿರಲಿ. ನಾವು ಒಂದು ವರ್ಷ ನೀರನ್ನು ಹಿಡಿದುಕೊಂಡೆವು. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಇರುವಲ್ಲಿ ಒಮ್ಮೆ ಧರ್ಮಾಂಬುಧಿ ಕೆರೆ ಇತ್ತು, ಕಂಠೀರವ ಕ್ರೀಡಾಂಗಣ ಎದ್ದದ್ದು ಸಂಪಂಗಿ ಕೆರೆಯ ಅಂಗಳದಲ್ಲಿ ಎಂದು ಹೇಳಿದಾಗ ದಿನಾ ಅಲ್ಲಿ ಬಸ್ ಬದಲಿಸುವ ಮಕ್ಕಳು ನಂಬಲಿಲ್ಲ. ‘ಹಾಗಾದರೆ ಮನೆಯಲ್ಲಿ ಕೇಳಿ ಬನ್ನಿ’ ಎಂದೆ.

ಮೊದಲ ಸುತ್ತು ಕೆಟ್ಟಿತು. ಎಲ್ಲರೂ ‘ಅಜ್ಜಿ, ಹಳೆಯ ಬೆಂಗಳೂರು ಹೇಗಿತ್ತು?’ ಎಂದು ಕೇಳಿದ್ದರು. ಎಲ್ಲ ಅಜ್ಜಿಯರೂ ‘ಚೆನ್ನಾಗಿತ್ತು ಕಣಪ್ಪಾ’ ಎಂದು ಮುಗಿಸಿದ್ದರು. ಎರಡನೆಯ ಸುತ್ತಿಗೆ ಪ್ರಶ್ನೆ ಬದಲಿಸಿದೆವು. ‘ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತಿತ್ತು? ಯಾರು ತರುತ್ತಿದ್ದರು? ಕೊಡ ಯಾವುದು?’ ಆಗ ಮಾತು ಹರಿಯಿತು. ಒಬ್ಬ ಅಜ್ಜಿ ಹಿತ್ತಾಳೆ ಕೊಡದ ಕಂಠ ಸೊಂಟಕ್ಕೆ ಒತ್ತಿ ಆದ ಗುರುತಿನ ಬಗ್ಗೆ ನಾಲ್ಕು ನಿಮಿಷ ಮಾತನಾಡಿದರು. ನಡುನಡುವೆ ಲೋಟದಿಂದ ಮೇಜು ಕುಟ್ಟುತ್ತಿದ್ದರು, ಟಕ್, ಟಕ್. ಮೊಮ್ಮಗಳಿಗೆ ಇಡೀ ಮುದ್ರಣ ಹಾಳಾಯಿತೆಂದು ಅಳುವೇ ಬಂತು. ನಾವೆಲ್ಲ ಕೇಳಿದೆವು. ಕೊಡ ತುಂಬುವ ಸರದಿಯನ್ನು ಅವರು ಎಣಿಸುತ್ತಿದ್ದದ್ದೇ ಆ ಟಕ್ ಟಕ್‌ನಲ್ಲಿ. ಹಾಗೆಯೇ ಬಿಟ್ಟೆವು.

ಒಂದು ಮಾತು. ‘ಅದನ್ನು ಆಚೆ ಇಡು, ಆಮೇಲೆ ಹೇಳುತ್ತೇನೆ’ ಎಂದು ಹಿರಿಯರು ಅಂದಾಗ ನಿಜವಾಗಿಯೂ ಆಚೆ ಇಡಬೇಕು. ಫೋನನ್ನು ಮಗುಚಿ ಇಟ್ಟು ಮುದ್ರಣ ಮುಂದುವರಿಸುವ ಚಾಣಾಕ್ಷತನ ಮಕ್ಕಳಿಗೆ ತಾನಾಗಿ ಬರುತ್ತದೆ. ಅದು ಕಳ್ಳತನ ಎಂದು ಮೊದಲ ದಿನವೇ ಹೇಳಿ.

ಎಡಿಟಿಂಗ್ ನನಗೇ ಬರುವುದಿಲ್ಲ, ಮಕ್ಕಳಿಗೆ ಹೇಗೆ ಕಲಿಸಲಿ?

ಅವರೇ ನಿಮಗೆ ಕಲಿಸುತ್ತಾರೆ. ಕಂಪ್ಯೂಟರ್ ಕೋಣೆ ಇದ್ದರೆ ಅಡಾಸಿಟಿ ಎಂಬ ಉಚಿತ ತಂತ್ರಾಂಶ ಹಾಕಿಸಿ. 2000ದಿಂದ ಬಳಕೆಯಲ್ಲಿದೆ, ಹಳೆಯ ಯಂತ್ರದಲ್ಲೂ ಓಡುತ್ತದೆ. ನಾಲ್ಕು ಕೆಲಸ ಗೊತ್ತಿದ್ದರೆ ಸಾಕು: ಬೇಡದ್ದನ್ನು ಕತ್ತರಿಸುವುದು, ಸದ್ದು ತಗ್ಗಿಸುವುದು, ಇಬ್ಬರ ದನಿಯನ್ನು ಒಂದೇ ಮಟ್ಟಕ್ಕೆ ತರುವುದು, ಎಂಪಿ3 ಆಗಿ ಉಳಿಸುವುದು. ಮುದ್ರಿಸುವಾಗ ದನಿಯ ಜೋರು ತೋರಿಸುವ ಮಟ್ಟದ ಪಟ್ಟಿ ಜೋರು ಮಾತಿನಲ್ಲೂ ಸೊನ್ನೆಗಿಂತ ಆರು ಡೆಸಿಬೆಲ್ಲಾದರೂ ಕೆಳಗಿರಲಿ (ಆ ಪಟ್ಟಿಯಲ್ಲಿ ಸೊನ್ನೆಯೇ ತುತ್ತತುದಿ). ಸೊನ್ನೆಗೆ ಬಡಿದು ಒಡೆದ ದನಿಯನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಮೂಲ ಕಡತವನ್ನು ಬೇರೆ ಇಟ್ಟು ನಕಲಿನ ಮೇಲೆ ಕತ್ತರಿ ಆಡಿಸಿ.

ಹೊಸದಾಗಿ ಕತ್ತರಿ ಸಿಕ್ಕಿದವರು ಎಲ್ಲ ‘ಆಮೇಲೆ’, ಎಲ್ಲ ‘ಅದೇನಪ್ಪಾ ಅಂದರೆ’, ಎಲ್ಲ ಉಸಿರನ್ನೂ ಕತ್ತರಿಸುತ್ತಾರೆ. ಉಳಿಯುವುದು ರೈಲ್ವೆ ನಿಲ್ದಾಣದ ಘೋಷಣೆ.

ಕಡತಗಳು ರಾಶಿ ಬಿದ್ದಿವೆ, ಯಾವುದು ಯಾರದೆಂದೇ ಗೊತ್ತಾಗುವುದಿಲ್ಲ.

ಮುದ್ರಣ ಶುರುವಾದ ಕೂಡಲೇ ದಿನಾಂಕ, ತಂಡದ ಸಂಖ್ಯೆ, ಎಷ್ಟನೆಯ ಸಲ ಎಂಬುದನ್ನು ಬಾಯಲ್ಲೇ ಹೇಳಿಸಿ. 1902ರಲ್ಲಿ ಕೋಲ್ಕತ್ತದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡೆಂದು ಅಲ್ಲಿನವರಿಗೆ ತಿಳಿಯಬೇಕಲ್ಲ! ಗೌಹರ್ ಜಾನ್ ಕೊನೆಗಾಲ ಕಳೆದದ್ದು ನಮ್ಮ ಮೈಸೂರಿನಲ್ಲಿ, ತೀರಿಕೊಂಡದ್ದು 1930ರಲ್ಲಿ. ಈ ಕಥೆ ಹೇಳಿದ ಮೇಲೆ ನಮ್ಮ ಮಕ್ಕಳು ಹೆಸರು ಹೇಳುವುದನ್ನು ಮರೆತದ್ದಿಲ್ಲ. ಕೆಲವರು ಗತ್ತಿನಿಂದಲೇ ಹೇಳುತ್ತಾರೆ.

ಜಾಗದ ಲೆಕ್ಕ: ಸಂಕುಚಿಸದ ವೇವ್ ಕಡತ, ಒಂದೇ ಚಾನೆಲ್ಲಿನದು, ನಿಮಿಷಕ್ಕೆ ಸುಮಾರು 5 ಎಂಬಿ ತಿನ್ನುತ್ತದೆ. ಅದನ್ನೇ 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಎಂಪಿ3 ಮಾಡಿದರೆ ನಿಮಿಷಕ್ಕೆ ಅರ್ಧ ಎಂಬಿ. ಮಾತಿಗೆ ಅಷ್ಟು ಸಾಕು. ಎಡಿಟಿಂಗಿಗೆ ಬೇಕಾದ ಕಡತವನ್ನು ವಾಟ್ಸಾಪ್‌ನಲ್ಲಿ ಧ್ವನಿಸಂದೇಶವಾಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ.

ಹಿನ್ನೆಲೆಗೆ ಸಿನಿಮಾ ಹಾಡು ಹಾಕಬಹುದೇ? ಕವಿತೆ ಓದಿಸಬಹುದೇ?

‘ಮೂವತ್ತು ಸೆಕೆಂಡಿನೊಳಗೆ ಇದ್ದರೆ ತೊಂದರೆಯಿಲ್ಲ’ ಎಂಬುದು ಸ್ಟಾಫ್ ರೂಮಿನ ಕಾನೂನು. ಹಾಗೊಂದು ನಿಯಮ ಎಲ್ಲಿಯೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಪಾಠದ ಭಾಗವಾಗಿ ಮಾಡುವ ಬಳಕೆಗೆ, ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರಷ್ಟೇ ಕೇಳುಗರಾಗಿರುವ ಶಾಲಾ ಪ್ರದರ್ಶನಕ್ಕೆ ಅವಕಾಶ ಕೊಡುತ್ತದೆ. ಅಂತರ್ಜಾಲಕ್ಕೆ ಹಾಕಿದ ಕ್ಷಣ ಕೇಳುಗರು ಪೋಷಕರಷ್ಟೇ ಅಲ್ಲ.

ಕವಿ ತೀರಿಕೊಂಡ ವರ್ಷದ ನಂತರ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಆದ್ದರಿಂದ ಅವರ ಪದ್ಯಗಳನ್ನು ನಿಶ್ಚಿಂತೆಯಿಂದ ಓದಿಸಿ. ಬೇಂದ್ರೆಯವರದಕ್ಕೆ 2041ರ ಕೊನೆಯವರೆಗೆ, ಕುವೆಂಪು ಅವರದಕ್ಕೆ 2054ರ ಕೊನೆಯವರೆಗೆ ಕಾಯಬೇಕು, ಇಲ್ಲವೇ ಅನುಮತಿ ಪಡೆಯಬೇಕು. ವಚನಗಳು ಎಲ್ಲರವೂ ಹೌದು. ಆದರೆ ಒಬ್ಬ ಗಾಯಕ ಹಾಡಿದ ವಚನದ ಮುದ್ರಣ ಎಲ್ಲರದಲ್ಲ. ಹಿನ್ನೆಲೆ ಸಂಗೀತ ಬೇಕೇ ಬೇಕೆಂದರೆ ತರಗತಿಯಲ್ಲಿ ಕೊಳಲು ಕಲಿಯುತ್ತಿರುವ ಒಬ್ಬರಾದರೂ ಇರುತ್ತಾರೆ. ಅವರನ್ನು ಕೇಳಿ.

ಪೋಷಕರ ಒಪ್ಪಿಗೆ ಬೇಕೇ?

ಬೇಕು, ಬರಹದಲ್ಲಿ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಒಪ್ಪಿಗೆ ಪತ್ರ ಕನ್ನಡದಲ್ಲಿ, ಅರ್ಧ ಪುಟದಲ್ಲಿರಲಿ: ಏನು ಮುದ್ರಿಸುತ್ತೇವೆ, ಯಾರು ಕೇಳುತ್ತಾರೆ, ಎಷ್ಟು ದಿನ ಇಡುತ್ತೇವೆ, ಬೇಡವೆಂದರೆ ಹೇಗೆ ತೆಗೆಸಬೇಕು. ಹೊರಗೆ ಹೋಗುವ ಕಂತಿನಲ್ಲಿ ಮಗುವಿನ ಪೂರ್ತಿ ಹೆಸರು, ಬಡಾವಣೆ, ಶಾಲೆಯ ವಾಹನದ ಮಾರ್ಗ ಯಾವುದೂ ಬರಬಾರದು. ಪೋಷಕರು ಒಪ್ಪಿಯೂ ಮಗು ಬೇಡವೆಂದರೆ ಬೇಡ.

ಕಣ್ಣು ಕಾಣದ ಮಕ್ಕಳಿಗೆ ಪಾಠ ಓದಿ ಮುದ್ರಿಸಿ ಕೊಡಬಹುದೇ?

ಖಂಡಿತ. ಅದಕ್ಕೆ 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳಲ್ಲಿ ಮಾತನಾಡುವ ಪುಸ್ತಕಗಳ ಗ್ರಂಥಾಲಯವಿದೆ. ಪುಟ ಸಂಖ್ಯೆ ಹೇಳಿ, ಚಿತ್ರವಿದ್ದರೆ ಎರಡು ಸಾಲಿನಲ್ಲಿ ಬಣ್ಣಿಸಿ, ಒಂದೊಂದು ಉಪಶೀರ್ಷಿಕೆಯನ್ನೂ ಬೇರೆ ಕಡತ ಮಾಡಿ. ಭಾವ ತುಂಬಿ ನಾಟಕ ಆಡುವುದು ಬೇಡ. ಕಿವಿ ಕೇಳದ ಮಕ್ಕಳಿಗಾಗಿ ಪ್ರತಿ ಕಂತಿನ ಬರಹರೂಪವೂ ಇರಬೇಕು. ಗೂಗಲ್‌ನ ಧ್ವನಿ ಟೈಪಿಂಗ್ ಕನ್ನಡಕ್ಕೆ 2017ರಲ್ಲೇ ಬಂತು. ಅದು ಮಾಡಿದ ಎಡವಟ್ಟುಗಳನ್ನು ತಿದ್ದುವುದೇ ಒಂದು ಕಾಗುಣಿತದ ಪಾಠ.

ಎಲ್ಲ ಸಿದ್ಧವಾಯಿತು. ಎಲ್ಲಿ ಹಾಕಲಿ?

ಮೊದಲು ಶಾಲೆಯ ಬೆಳಗಿನ ಪ್ರಾರ್ಥನೆಯ ಧ್ವನಿವರ್ಧಕದಲ್ಲಿ. ಆಮೇಲೆ ಪೋಷಕರ ಗುಂಪಿನಲ್ಲಿ. ಹತ್ತು ಕಂತು ಕೈಯಲ್ಲಿ ಸಿದ್ಧವಿದ್ದಾಗ ಮಾತ್ರ ಉಚಿತ ಪಾಡ್‌ಕಾಸ್ಟ್ ತಾಣವೊಂದರಲ್ಲಿ ಖಾತೆ ತೆರೆಯಿರಿ, ಶಾಲೆಯ ಇಮೇಲಿನಲ್ಲಿ. ನಿಮ್ಮ ಸ್ವಂತ ಇಮೇಲಿನಲ್ಲಿ ಬೇಡ, ವರ್ಗವಾದರೆ ಪಾಡ್‌ಕಾಸ್ಟೂ ವರ್ಗವಾಗುತ್ತದೆ. ಮೂಲ ಕಡತಗಳನ್ನು ನೀವೇ ಇಟ್ಟುಕೊಳ್ಳಿ. ಗೂಗಲ್ ಪಾಡ್‌ಕಾಸ್ಟ್ಸ್‌ನಂಥ ಸೇವೆಯೇ 2024ರಲ್ಲಿ ಬಾಗಿಲು ಹಾಕಿತು. ಅಂದಹಾಗೆ, ಎಫ್‌ಎಂ ಪ್ರಸಾರ ಮಾಡಲು ಮಾತ್ರ ಕೇಂದ್ರದ ಪರವಾನಗಿ ಬೇಕು.

ಅಂಕ ಹೇಗೆ ಕೊಡುವುದು?

ದನಿಗೆ ಅಂಕ ಕೊಡಬೇಡಿ, ಅದು ಹುಟ್ಟಿನಿಂದ ಬಂದದ್ದು. ನಾನು ಮೊದಲ ಮುದ್ರಣ, ಕೊನೆಯ ಮುದ್ರಣ ಎರಡನ್ನೂ ಕೇಳುತ್ತೇನೆ. ನಡುವೆ ಏನು ಬದಲಿಸಿದೆ, ಏಕೆ ಎಂದು ಮಗು ಐದು ಸಾಲು ಬರೆಯಬೇಕು. ಅಂಕ ಆ ಐದು ಸಾಲಿಗೆ.

ಬಾಯಿ ಬಿಡದ ಮಗುವನ್ನು ಏನು ಮಾಡಲಿ?

ಹೆಡ್‌ಫೋನ್ ಕೊಡಿ. ನಮ್ಮಲ್ಲಿ ಹಾಜರಿಗೂ ಕೈ ಎತ್ತುವುದು ಬಿಟ್ಟರೆ ಬೇರೇನೂ ಮಾಡದ ಒಬ್ಬ ಹುಡುಗಿ ಇದ್ದಳು. ಅವಳನ್ನು ಮುದ್ರಣದ ಜವಾಬ್ದಾರಿಗೆ ಹಾಕಿದೆ. ಎರಡನೆಯ ವಾರ, ತರಗತಿಯ ಅತಿ ಜೋರಿನ ಹುಡುಗ ಓದುತ್ತಿರುವಾಗ ಅವಳು ಸಟ್ಟನೆ ಕೈ ಅಡ್ಡ ಹಿಡಿದು ನಿಲ್ಲಿಸಿದಳು. ‘ನಲ್ಲಿ’ ಎಂದಳು. ನಮಗೆ ಯಾರಿಗೂ ಏನೂ ಕೇಳಿಸಿರಲಿಲ್ಲ. ಹೊರಗೆ ಹೋಗಿ ನೋಡಿದರೆ ಜಗಲಿಯ ಕೊನೆಯಲ್ಲಿ ಕೈತೊಳೆಯುವ ನಲ್ಲಿ ತೊಟ್ಟಿಕ್ಕುತ್ತಿತ್ತು. ಆ ಜೋರಿನ ಹುಡುಗನೇ ಓಡಿಹೋಗಿ ಅದನ್ನು ತಿರುಗಿಸಿ ಬಂದ. ಅಂದಿನಿಂದ ಅವಳು ‘ಸರಿ’ ಎನ್ನುವವರೆಗೆ ಯಾರೂ ಓದಲು ಶುರುಮಾಡುವುದಿಲ್ಲ.

ಮುದ್ರಣದ ದಿನವೇ ಮಳೆ ಬಂದರೆ?

ತಗಡಿನ ಮಾಡಾದರೆ ಓದುವುದನ್ನು ಬಿಟ್ಟುಬಿಡಿ. ಫೋನನ್ನು ಕಿಟಕಿಯ ಒಳಬದಿಯಲ್ಲಿ, ಸಿಡಿಲು ಬಡಿಯದಿದ್ದರೆ, ಟವೆಲ್ಲಿನ ಮೇಲಿಟ್ಟು ಐದು ನಿಮಿಷ ಮಳೆಯನ್ನೇ ಮುದ್ರಿಸಿ ಹೆಸರು ಬರೆದಿಡಿ. ಫೆಬ್ರವರಿಯಲ್ಲಿ ಯಾವನೋ ಒಬ್ಬ ಮಳೆಯ ಕಥೆ ಬರೆದುಕೊಂಡು ಬರುತ್ತಾನೆ.